ಹತ್ತು ಸೈನಿಕರಿಗೆ ಆರು ಬಣ್ಣ

ಲಂಡನ್ನಿನ ಆಟಿಕೆ ತಯಾರಕ ವಿಲಿಯಂ ಬ್ರಿಟನ್ 1893ರಲ್ಲಿ ಸೀಸದ ಸೈನಿಕರನ್ನು ಎರಕ ಹೊಯ್ಯಲು ಹೊಸ ದಾರಿ ಹಿಡಿದ. ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವುದು, ಅಚ್ಚಿನ ಗೋಡೆಗೆ ತಾಗಿದ ಪದರ ಗಟ್ಟಿಯಾಗುತ್ತಿದ್ದಂತೆ ನಡುವೆ ಇನ್ನೂ ದ್ರವವಾಗಿಯೇ ಉಳಿದ ಲೋಹವನ್ನು ಹೊರಗೆ ಚೆಲ್ಲಿಬಿಡುವುದು. ಹೊರಗಿನಿಂದ ನೋಡಿದರೆ ಪೂರ್ತಿ ಸೈನಿಕ, ಒಳಗೆ ಟೊಳ್ಳು. ಅಲ್ಲಿಯವರೆಗೆ ಇಂಗ್ಲೆಂಡಿನ ಅಂಗಡಿಗಳನ್ನು ತುಂಬಿದ್ದ ಜರ್ಮನಿಯ ಗಟ್ಟಿ ಎರಕದ ಗೊಂಬೆಗಳಿಗಿಂತ ಇವು ಹಗುರ, ಬೆಲೆಯೂ ಕಡಿಮೆ. ಅದುವರೆಗೆ ಕೈಗೆಟುಕದಿದ್ದ ಪುಟ್ಟ ಸೈನ್ಯ ಸಾಧಾರಣ ಮನೆಗಳ ಮಕ್ಕಳಿಗೂ ಸಿಕ್ಕಿತು.

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ ಆಡುವ ಯುದ್ಧದಾಟದ, ಅಂದರೆ ವಾರ್‌ಗೇಮ್‌ನ, ಚರಿತ್ರೆಯನ್ನು ಓದುತ್ತ ಹೋದರೆ ಇದೇ ಕಥೆ ಮತ್ತೆ ಮತ್ತೆ ಸಿಗುತ್ತದೆ. ಯಾರೋ ಒಬ್ಬರು ಗೊಂಬೆಯನ್ನು ಅಗ್ಗ ಮಾಡುತ್ತಾರೆ, ಹವ್ಯಾಸ ಒಂದು ಹೆಜ್ಜೆ ಹಿಗ್ಗುತ್ತದೆ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಈ ಆಟಕ್ಕೆ ನಿಯಮ ಕೊಟ್ಟ. ಅವನ ಸೈನ್ಯವೆಲ್ಲ ಆಟಿಕೆ ಅಂಗಡಿಯ ಸೈನಿಕರೇ, ಅವನ ಫಿರಂಗಿ ಸ್ಪ್ರಿಂಗಿನಿಂದ ಮರದ ಚೂರು ಹಾರಿಸುವ ಆಟಿಕೆ. 1959ರಲ್ಲಿ ಏರ್‌ಫಿಕ್ಸ್ ಕಂಪನಿ ಮೆದು ಪ್ಲಾಸ್ಟಿಕ್‌ನ ಪುಟ್ಟ ಸೈನಿಕರ ಡಬ್ಬಿಗಳನ್ನು ತಂದಿತು. ಒಂದು ಡಬ್ಬಿಯಲ್ಲಿ ನಲವತ್ತಕ್ಕೂ ಹೆಚ್ಚು ಗೊಂಬೆ, ಹುಡುಗರ ಕೈಖರ್ಚಿನ ಕಾಸಿಗೆ ದಕ್ಕುವ ಬೆಲೆ. ಸೌತಾಂಪ್ಟನ್ನಿನ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ‘ವಾರ್ ಗೇಮ್ಸ್’ ಪುಸ್ತಕವನ್ನು ಓದಿ ಆಡಲು ಕೂತ ತಲೆಮಾರು ಬೆಳೆದದ್ದು ಬಹುಮಟ್ಟಿಗೆ ಆ ಡಬ್ಬಿಗಳ ಮೇಲೆಯೇ.

ಇಂದು ಈ ಹವ್ಯಾಸದ ಹೆಸರೆತ್ತಿದರೆ ಮೊದಲು ನೆನಪಾಗುವುದು ನಾಟಿಂಗ್‌ಹ್ಯಾಮ್. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಕೇಂದ್ರ ಈಗ ಅಲ್ಲಿದೆ. ‘ವಾರ್‌ಹ್ಯಾಮರ್’ 1983ರಲ್ಲಿ ಬಂತು, ದೂರದ ಭವಿಷ್ಯದಲ್ಲಿ ನಡೆಯುವ ‘ವಾರ್‌ಹ್ಯಾಮರ್ 40,000’ 1987ರಲ್ಲಿ. ಈ ಎರಡನೆಯ ಆಟಕ್ಕಾಗಿ ಹೊರಬಂದ ಮೊದಲ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 30 ಸೈನಿಕರಿದ್ದರು, ಬೆಲೆ ಹತ್ತು ಪೌಂಡಿನ ಒಳಗೆ. ಇವತ್ತಿನ ಪೆಟ್ಟಿಗೆಗಳ ಕೆತ್ತನೆ ಅದ್ಭುತ. ಬೆರಳಿನ ಉಗುರು, ತೊಗಲು ಪಟ್ಟಿಯ ಹೊಲಿಗೆ ಎಲ್ಲ ಕಾಣುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ನಮ್ಮ ದೇಶಕ್ಕೆ ತರಿಸಿದರೆ ಸಾಗಣೆ ವೆಚ್ಚದ ಜೊತೆಗೆ ಸುಂಕವೂ ಸೇರುತ್ತದೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿತು. ಪಾರ್ಸೆಲ್ ಆ ಲೆಕ್ಕಕ್ಕೆ ಬಿದ್ದರೆ ಗೊಂಬೆಯಷ್ಟೇ ತೂಕದ ರಸೀದಿಯೂ ಕೈಗೆ ಬರುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ವಾರ್‌ಹ್ಯಾಮರ್ ಚಿತ್ರಗಳನ್ನು ನೋಡಿ ಆಸೆಪಟ್ಟ ಹುಡುಗ ಹುಡುಗಿಯರು ಇಲ್ಲಿಗೇ ಕೈಬಿಟ್ಟುಬಿಡುತ್ತಾರೆ.

ಕೈಬಿಡಬೇಕಾಗಿಲ್ಲ ಎಂದು ಹೇಳಲಿಕ್ಕಾಗಿಯೇ ಈ ಬರಹ. ದುಬಾರಿಯಾದದ್ದು ಒಂದು ಕಂಪನಿಯ ಸೈನಿಕ. ಬಣ್ಣ ಹಚ್ಚುವ ಕೆಲಸ ಇವತ್ತಿಗೂ ಅಗ್ಗವೇ. ಮತ್ತು ಈ ಹವ್ಯಾಸದಲ್ಲಿ ದುಡ್ಡು ಹೆಚ್ಚು ಪೋಲಾಗುವುದು ಬಣ್ಣಕ್ಕೂ ಅಲ್ಲ, ಕುಂಚಕ್ಕೂ ಅಲ್ಲ. ತಂದಿಟ್ಟು ಬಣ್ಣ ಹಚ್ಚದೆ ಬಿಟ್ಟ ಗೊಂಬೆಗಳಿಗೆ. ಈ ಹವ್ಯಾಸದವರ ಯಾರ ಮನೆಗೆ ಹೋದರೂ ಕಪಾಟಿನಲ್ಲಿ ಬೂದು ಪ್ಲಾಸ್ಟಿಕ್‌ನ ಒಂದು ಗುಡ್ಡೆ ಇದ್ದೇ ಇರುತ್ತದೆ. ಹೊಸದಾಗಿ ಶುರುಮಾಡುವವರು ಆ ಗುಡ್ಡೆಯನ್ನು ಕಟ್ಟದಿದ್ದರೆ ಅರ್ಧ ಖರ್ಚು ಉಳಿದಂತೆ. ಆದ್ದರಿಂದ ಮೊದಲ ತೀರ್ಮಾನ ಸಂಖ್ಯೆಯದು. ಹತ್ತು ಸೈನಿಕರು ಸಾಕು. ಆ ಹತ್ತು ಮುಗಿಯುವವರೆಗೆ ಹನ್ನೊಂದನೆಯದು ಬೇಡ.

ಹತ್ತರಿಂದ ಆಟ ಆಗುತ್ತದೆಯೇ? ಧಾರಾಳವಾಗಿ ಆಗುತ್ತದೆ. 2015ರಲ್ಲಿ ಬಂದ ‘ಫ್ರಾಸ್ಟ್‌ಗ್ರೇವ್’ ಎಂಬ ಮಾಂತ್ರಿಕರ ಆಟದಲ್ಲಿ ಒಂದು ಪಡೆ ಎಂದರೆ ಹೆಚ್ಚೆಂದರೆ ಹತ್ತು ಗೊಂಬೆ. ಅವು ಇಂಥ ಕಂಪನಿಯವೇ ಆಗಬೇಕೆಂಬ ಕಟ್ಟುಪಾಡಿಲ್ಲ. ಪ್ರಾಚೀನ, ಮಧ್ಯಯುಗದ ಯುದ್ಧಗಳಿಗೆ ಫಿಲ್ ಬಾರ್ಕರ್ ಮತ್ತು ಗೆಳೆಯರು 1990ರಲ್ಲಿ ರೂಪಿಸಿದ ‘ಡಿ.ಬಿ.ಎ.’ ನಿಯಮಗಳಲ್ಲಿ ಇಡೀ ಸೈನ್ಯ ಎಂದರೆ 12 ತುಂಡು ಅಷ್ಟೇ, ಪುಟ್ಟ ಟೀಪಾಯಿಯೊಂದು ರಣರಂಗಕ್ಕೆ ಸಾಲುತ್ತದೆ. ‘ಒನ್ ಪೇಜ್ ರೂಲ್ಸ್’ ಎಂಬವರ ಮೂಲ ನಿಯಮಗಳು ಉಚಿತ. ನಿಯಮ ಪುಸ್ತಕಕ್ಕೆ ಸುರಿಯುವ ದುಡ್ಡನ್ನು ಮೊದಲ ವರ್ಷದ ಮಟ್ಟಿಗೆ ಮರೆತುಬಿಡಬಹುದು.

ಗೊಂಬೆಗೆ ಹಲವು ದಾರಿಗಳಿವೆ. ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 28 ಮಿ.ಮೀ. ನಾಟಿಂಗ್‌ಹ್ಯಾಮಿನದೇ ಪೆರಿ ಸಹೋದರರ ಐತಿಹಾಸಿಕ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾಲಾಳುಗಳಿರುವುದುಂಟು. ಮೂರು ಜನ ಗೆಳೆಯರು ಸೇರಿ ಒಂದು ಪೆಟ್ಟಿಗೆ ತರಿಸಿ ಹಂಚಿಕೊಂಡರೆ ತಲಾ ಬೆಲೆ ಬಹಳ ಇಳಿಯುತ್ತದೆ. ಇನ್ನೂ ಅಗ್ಗ ಬೇಕಾದರೆ 1/72 ಅಳತೆಯ ಡಬ್ಬಿಗಳಿವೆ: ಏರ್‌ಫಿಕ್ಸ್, ಇಟಾಲೆರಿ, ಜ್ವೆಜ್ಡಾ. ಇವುಗಳಲ್ಲಿ ಹಲವು ಮೆದು ಪ್ಲಾಸ್ಟಿಕ್‌ನವು. ಬಾಗುವ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲದೆ ಸಿಪ್ಪೆಯಂತೆ ಏಳುತ್ತದೆ. ಹಳಬರ ಉಪಾಯವೆಂದರೆ ಮೊದಲು ಸೋಪಿನಲ್ಲಿ ತೊಳೆದು, ನೀರು ಬೆರೆಸಿದ ಬಿಳಿ ಅಂಟನ್ನು (ನಮ್ಮ ಫೆವಿಕಾಲ್ ಜಾತಿಯದು) ಒಂದು ತೆಳು ಪದರ ಬಳಿದು ಒಣಗಿಸುವುದು. ಚಿತ್ರಕಾರ ಪೀಟರ್ ಡೆನ್ನಿಸ್ ಬರೆದ ಕಾಗದದ ಸೈನಿಕರ ಪುಸ್ತಕಗಳೂ ಇವೆ. ನಕಲು ತೆಗೆದು, ಕತ್ತರಿಸಿ, ಅಂಟಿಸಿದರೆ ಸೈನ್ಯ ಸಿದ್ಧ. ಆಟವಷ್ಟೇ ಮುಖ್ಯವಾದವರಿಗೆ ಅದಕ್ಕಿಂತ ಮಿತವ್ಯಯದ ದಾರಿ ಇಲ್ಲ.

ತ್ರಿಡಿ ಪ್ರಿಂಟಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ರೆಸಿನ್ ಪ್ರಿಂಟರ್‌ನಲ್ಲಿ ಮೂಡುವ ಗೊಂಬೆ ಕಾರ್ಖಾನೆಯದಕ್ಕೆ ಸರಿಸಮ ನಿಲ್ಲುತ್ತದೆ, ನಿಜ. ಆದರೆ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿ ತರಬಲ್ಲದು, ಕೈಗವಸು ಬೇಕು, ಗಾಳಿ ಆಡುವ ಬೇರೆ ಕೋಣೆ ಬೇಕು, ತೊಳೆಯಲು ಸ್ಪಿರಿಟ್ ಬೇಕು. ಎರಡು ಕೋಣೆಯ ಮನೆಯಲ್ಲಿ, ಮಗುವಿನ ಮಂಚದ ಪಕ್ಕ ಅದನ್ನು ಇಡಬಾರದು. ಪ್ರಿಂಟ್ ಮಾಡಿಕೊಡುವವರಿಂದ ಹತ್ತು ಗೊಂಬೆ ಮಾಡಿಸಿಕೊಳ್ಳುವುದು ಜಾಣತನ. ಹಾಗೆಯೇ ಯಾರಾದರೂ ಹಳೆಯ ಲೋಹದ ಗೊಂಬೆ ಕೊಟ್ಟರೆ ಅದರಲ್ಲಿ ಸೀಸ ಇದ್ದೀತೆಂದೇ ಭಾವಿಸಿ. ಉಜ್ಜಿ ಧೂಳೆಬ್ಬಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಬಣ್ಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಜನ ಹೆಚ್ಚು ಗಲಿಬಿಲಿಗೊಳ್ಳುವುದು ಇಲ್ಲೇ. ಸಿಟಡೆಲ್ ಹೆಸರಿನ ಇಂಗ್ಲಿಷ್ ಬಣ್ಣ 12 ಮಿ.ಲೀ. ಡಬ್ಬಿಯಲ್ಲಿ ಬರುತ್ತದೆ, ಸ್ಪೇನಿನ ವಯೆಹೋ ಬಣ್ಣ ಬಹುಕಾಲ 17 ಮಿ.ಲೀ. ಹನಿ ಬಾಟಲಿಯಲ್ಲಿ ಬರುತ್ತಿತ್ತು. ಇವುಗಳ ಪುಡಿ ಬಹಳ ನುಣ್ಣಗೆ ಅರೆದದ್ದು, ಪುಡಿಯ ಪ್ರಮಾಣವೂ ಹೆಚ್ಚು. ಆದ್ದರಿಂದ ನೀರು ಬೆರೆಸಿ ತೆಳು ಮಾಡಿದರೂ ತಳದ ಬಣ್ಣವನ್ನು ಮುಚ್ಚುತ್ತವೆ. ನಮ್ಮ ಸ್ಟೇಷನರಿ ಅಂಗಡಿಯ ಕ್ಯಾಮೆಲ್, ಫೆವಿಕ್ರಿಲ್ ಅಕ್ರಿಲಿಕ್‌ಗಳು ಕ್ಯಾನ್ವಾಸು, ಬಟ್ಟೆ, ಮಡಕೆಗಳಿಗಾಗಿ ಮಾಡಿದವು. ಸ್ವಲ್ಪ ದಪ್ಪ, ಕೆಲವು ಬಣ್ಣಗಳಲ್ಲಿ ಮುಚ್ಚುವ ಶಕ್ತಿ ಕಡಿಮೆ. ಅಷ್ಟೇ ವ್ಯತ್ಯಾಸ. ಎರಡೂ ಒಂದೇ ಕುಲದ ಬಣ್ಣಗಳು, ನೀರಿನಲ್ಲಿ ಕರಗಿ, ಒಣಗಿದ ಮೇಲೆ ನೀರಿಗೆ ಜಗ್ಗದವು. ಒಂದು ಪದರದಲ್ಲಿ ಮುಗಿಯುವ ಕಡೆ ಮೂರು ತೆಳು ಪದರ ಹಚ್ಚುವ ತಾಳ್ಮೆ ಇದ್ದರೆ ಸ್ಟೇಷನರಿ ಅಂಗಡಿಯ ಬಣ್ಣದಿಂದಲೇ ಸೊಗಸಾದ ಸೈನಿಕ ಎದ್ದು ನಿಲ್ಲುತ್ತಾನೆ.

ಕೊಳ್ಳಬೇಕಾದದ್ದು ಆರು: ಕಪ್ಪು, ಬಿಳಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್, ಬರ್ನ್ಟ್ ಅಂಬರ್ ಎಂಬ ಕಂದು. ಉಳಿದದ್ದೆಲ್ಲ ಬೆರೆಸಿದರೆ ಹುಟ್ಟುತ್ತದೆ. ಓಕರ್ ಜೊತೆ ನೀಲಿ ಸೇರಿದರೆ ಸೈನಿಕರಿಗೆ ಹೇಳಿ ಮಾಡಿಸಿದ ಮಂಕು ಹಸಿರು, ಕ್ರಿಮ್ಸನ್ ಜೊತೆ ನೀಲಿ ಸೇರಿದರೆ ನೇರಳೆ. ಮೈಬಣ್ಣಕ್ಕೆ ಇಂಗ್ಲಿಷ್ ಸೆಟ್ಟುಗಳಲ್ಲಿ ಸಿಗುವುದು ಗುಲಾಬಿ ಛಾಯೆ. ನಮ್ಮ ಜನರ ಮೈಬಣ್ಣಕ್ಕೆ ಕಂದು, ಓಕರ್, ಚೂರು ಕೆಂಪು ಸಾಕು, ಮತ್ತು ಬೆಳಕು ಬಿದ್ದ ಭಾಗಕ್ಕೆ ಬಿಳಿಯ ಬದಲು ಓಕರ್ ಬೆರೆಸಿದರೆ ಮುಖಕ್ಕೆ ಕಳೆ ಬರುತ್ತದೆ, ಬೂದಿ ಬಳಿದಂತಾಗುವುದಿಲ್ಲ. ಬೆರೆಸಿದ ಬಣ್ಣವನ್ನು ಮತ್ತೆ ಅದೇ ಹದಕ್ಕೆ ತರುವುದು ಕಷ್ಟ. ಹತ್ತು ಜನಕ್ಕೂ ಸಾಲುವಷ್ಟು ಒಮ್ಮೆಗೇ ಬೆರೆಸಿ ಬಿಗಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿಡಿ.

ಹವ್ಯಾಸದ ವಿಶೇಷ ಬಣ್ಣಗಳಲ್ಲಿ ದುಡ್ಡು ಕೊಟ್ಟು ತರಬೇಕಾದವು ನನ್ನ ಮಟ್ಟಿಗೆ ಎರಡೇ: ಒಂದು ಉಕ್ಕಿನ ಲೋಹಬಣ್ಣ, ಇನ್ನೊಂದು ಕಂದು ವಾಷ್. ಅಗ್ಗದ ಬೆಳ್ಳಿಬಣ್ಣದ ಹೊಳಪು ಚೂರುಗಳು ಇಷ್ಟು ಸಣ್ಣ ಕತ್ತಿಯ ಮೇಲೆ ಒರಟಾಗಿ ಕಾಣುತ್ತವೆ. ವಾಷ್ ಎಂದರೆ ನೀರಿನಂತೆ ಹರಿದು ತಗ್ಗುಗಳಲ್ಲಿ ನಿಂತು ಒಣಗುವ ಬಣ್ಣ. ಬಟ್ಟೆಯ ಮಡಿಕೆ, ಬೆರಳ ಸಂದು, ಗಡ್ಡದ ಎಳೆ ಎಲ್ಲವನ್ನೂ ಅದೊಂದೇ ಬಿಡಿಸಿ ತೋರಿಸುತ್ತದೆ. ಮನೆಯಲ್ಲೂ ಮಾಡಬಹುದು, ಕಂದು ಬಣ್ಣಕ್ಕೆ ನೀರು, ಸ್ವಲ್ಪ ಮ್ಯಾಟ್ ಮೀಡಿಯಂ, ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ಸೋಂಕು. ಸೋಪು ನೀರಿನ ಮೇಲ್ಮೈ ಸೆಳೆತವನ್ನು ಮುರಿದು ಬಣ್ಣ ಗುಳ್ಳೆಯಾಗಿ ನಿಲ್ಲದಂತೆ ಮಾಡುತ್ತದೆ.

ಈ ಎರಡು ಬಾಟಲಿಯ ಬೆಲೆ ನೋಡಿ ಹಿಂಜರಿಯುವವರು ಒಂದು ಲೆಕ್ಕ ಹಾಕಬೇಕು. ಒಂದು ಮಿ.ಲೀ.ಗೆ ಸುಮಾರು 20 ಹನಿ, 17 ಮಿ.ಲೀ. ಬಾಟಲಿಗೆ 340 ಹನಿ. ಒಂದು ಹನಿ ಲೋಹಬಣ್ಣದಲ್ಲಿ ಐದು ಸೈನಿಕರ ಕತ್ತಿ, ಗುಂಡಿ, ಬಂದೂಕಿನ ನಳಿಕೆ ಮುಗಿಯುತ್ತವೆ ಎಂದಿಟ್ಟುಕೊಂಡರೂ ಒಂದು ಬಾಟಲಿ 1,700 ಸೈನಿಕರಿಗೆ ಸಾಕು. ಬಣ್ಣ ಮುಗಿಯುವ ಮೊದಲು ಒಣಗುತ್ತದೆ. ಮುಚ್ಚಳವನ್ನು ಬಿಗಿಯಾಗಿ ಹಾಕುವುದೇ ಇಲ್ಲಿ ದೊಡ್ಡ ಉಳಿತಾಯ. ಐವತ್ತು ಬಾಟಲಿಗಳ ಸೆಟ್ ಕೊಳ್ಳುವುದು ಹೊಸಬರಿಗೆ ಏಕೆ ಬೇಡ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಕುಂಚದ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಗಂಭೀರ ಮಾತಿದೆ. ಇಂಗ್ಲಿಷ್ ಪುಸ್ತಕಗಳು ಕೊಲಿನ್‌ಸ್ಕಿ ಸೇಬಲ್ ಕುಂಚವನ್ನು ಹೊಗಳುತ್ತವೆ. ವಿಕ್ಟೋರಿಯಾ ರಾಣಿಗಾಗಿ 1866ರಲ್ಲಿ ಮಾಡಿದ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯ ‘ಸೀರೀಸ್ 7’ ಇವತ್ತಿಗೂ ಮಿನಿಯೇಚರ್ ಬಣ್ಣಗಾರರ ಅಚ್ಚುಮೆಚ್ಚು. ಕೊಲಿನ್‌ಸ್ಕಿ ಎಂದರೆ ಸೈಬೀರಿಯಾ ಕಡೆಯ ಪ್ರಾಣಿಯೊಂದರ ಬಾಲದ ಕೂದಲು. ಅದರ ಬದಲಿಗೆ ಅಗ್ಗದ ‘ಒಳ್ಳೆ ಕೂದಲಿನ ಕುಂಚ’ ಎಂದು ಯಾರಾದರೂ ಇಲ್ಲಿ ಕೊಡಲು ಬಂದರೆ ಕೇಳಿ ತಿಳಿಯಿರಿ. ಮುಂಗುಸಿ ಕೂದಲಿನ ಕುಂಚದ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಒಂದು ಕುಂಚದ ಹಿಂದೆ ಕೊಂದ ಪ್ರಾಣಿಗಳಿವೆ. ಅದನ್ನು ಮುಟ್ಟಲೇಬಾರದು. ಸಿಂಥೆಟಿಕ್ ಕುಂಚ ಸಾಕು, ಈಗಿನವು ಬಹಳ ಚೆನ್ನಾಗಿವೆ.

ಹೊಸಬರು ‘000’ ಎಂಬ ಕೂದಲೆಳೆಯಂಥ ಕುಂಚಕ್ಕೆ ಕೈಹಾಕುತ್ತಾರೆ. ಅದು ಹಿಡಿಯುವ ಬಣ್ಣ ಎಷ್ಟು ಕಡಿಮೆಯೆಂದರೆ ಪ್ಯಾಲೆಟ್ಟಿನಿಂದ ಗೊಂಬೆಗೆ ಬರುವಷ್ಟರಲ್ಲಿ ತುದಿ ಒಣಗಿರುತ್ತದೆ. 1 ಅಥವಾ 2ನೇ ನಂಬರಿನ, ಹೊಟ್ಟೆ ತುಂಬಿದ, ತುದಿ ಚೂಪಾದ ದುಂಡು ಕುಂಚ ತನ್ನಿ. ಕಣ್ಣಿನ ಗುಡ್ಡೆಯನ್ನೂ ಅದೇ ಬರೆಯುತ್ತದೆ. ಬಣ್ಣ ಲೋಹದ ಕೊರಳಿನವರೆಗೆ ಏರಬಾರದು, ನೀರಿನ ಲೋಟದಲ್ಲಿ ತುದಿ ಕೆಳಗಾಗಿ ನಿಲ್ಲಿಸಬಾರದು, ಬಾಯಲ್ಲಿಟ್ಟು ಚೂಪು ಮಾಡಬಾರದು. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದು ಬೆರಳಲ್ಲೇ ತುದಿ ತೀಡಿಡಿ. ಒರಟು ಕೆಲಸಕ್ಕೆ ಫ್ಯಾನ್ಸಿ ಸ್ಟೋರಿನ ಮೇಕಪ್ ಬ್ರಷ್ ಒಂದಿರಲಿ. ಪ್ಯಾಲೆಟ್ಟಿಗೆ ಮುಚ್ಚಳವಿರುವ ಚಪ್ಪಟೆ ಡಬ್ಬಿ, ಅದರಲ್ಲಿ ನೆನೆಸಿದ ಟಿಶ್ಯೂ ಪೇಪರ್, ಮೇಲೆ ಬೇಕಿಂಗ್ ಪಾರ್ಚ್‌ಮೆಂಟ್ ಕಾಗದದ ಒಂದು ಹಾಳೆ. ಕೆಳಗಿನ ನೀರು ಕಾಗದದ ಮೂಲಕ ಮೇಲೇರಿ ಬಣ್ಣವನ್ನು ಗಂಟೆಗಟ್ಟಲೆ ಹಸಿಯಾಗಿಡುತ್ತದೆ. ಮೇಣ ಹಚ್ಚಿದ ಕಾಗದವಾದರೆ ನೀರು ಹಾಯುವುದಿಲ್ಲ, ನೋಡಿ ತನ್ನಿ.

ಕೆಲಸದ ಕ್ರಮ ಹೀಗೆ. ಗೊಂಬೆಯನ್ನು ಸೋಪುನೀರು, ಹಳೆ ಟೂತ್‌ಬ್ರಷ್‌ನಲ್ಲಿ ತೊಳೆಯುವುದು. ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಳಿದ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಹೆರೆಯುವುದು. ಬಾಟಲಿ ಮುಚ್ಚಳದ ಮೇಲೆ ಡಬಲ್ ಸೈಡ್ ಟೇಪಿನಿಂದ ನಿಲ್ಲಿಸಿ, ಮುಂದೆ ಮುಚ್ಚಳವನ್ನೇ ಹಿಡಿದು ಕೆಲಸ ಮಾಡುವುದು. ಆಮೇಲೆ ಪ್ರೈಮರ್. ಬಣ್ಣ ಕಚ್ಚಿಕೊಳ್ಳಲು ಇದು ಬೇಕೇ ಬೇಕು. ಸ್ಪ್ರೇ ಡಬ್ಬಿ ಬೇಗ ಮುಗಿಸುತ್ತದೆ, ಆದರೆ ಕರಾವಳಿ ಮಲೆನಾಡಿನ ಮಳೆಗಾಲದ ತೇವದಲ್ಲಿ ಸ್ಪ್ರೇ ಮಂಜು ಕಟ್ಟಿದಂತೆ ಬೆಳ್ಳಗಾಗಿ ಕೆತ್ತನೆಯನ್ನೇ ಮುಚ್ಚಿಬಿಡಬಹುದು. ಮಂಗಳೂರು, ಮಡಿಕೇರಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲಾ ಸಾಮಗ್ರಿ ಅಂಗಡಿಯ ಜೆಸ್ಸೋ ಎಂಬ ತಳಬಣ್ಣವನ್ನು ತೆಳು ಮಾಡಿ ಕುಂಚದಲ್ಲೇ ಹಚ್ಚುವುದು ಒಳ್ಳೆಯದು.

ಬಣ್ಣ ನೀರು ಮಜ್ಜಿಗೆಯ ಹದಕ್ಕೆ ಬರಬೇಕು. ಒಳಗಿನಿಂದ ಹೊರಗೆ ಬನ್ನಿ: ಮೊದಲು ಮೈ, ಆಮೇಲೆ ಅಂಗಿ, ಅದರ ಮೇಲಿನ ಪಟ್ಟಿ, ಕೊನೆಗೆ ಆಯುಧ. ಒಂದೊಂದೇ ಗೊಂಬೆ ಮುಗಿಸುವ ಬದಲು ಒಂದು ಬಣ್ಣವನ್ನು ಐದಕ್ಕೂ ಹಚ್ಚಿ ಮುಂದಿನದಕ್ಕೆ ಹೋದರೆ ಐದನೆಯದನ್ನು ಮುಗಿಸುವಾಗ ಮೊದಲನೆಯದು ಒಣಗಿರುತ್ತದೆ. ಎಲ್ಲ ಒಣಗಿದ ಮೇಲೆ ವಾಷ್, ಅದು ಒಣಗಿದ ಮೇಲೆ ಉಬ್ಬು ಭಾಗಗಳಿಗೆ ಮೂಲ ಬಣ್ಣದ ತಿಳಿ ಛಾಯೆ. ಈ ನೆರಳು ಬೆಳಕಿನ ಬಗ್ಗೆ ಹೊಸಬರಿಗೆ ಅನುಮಾನ ಬರುವುದು ಸಹಜ, ಗೊಂಬೆಗೆ ನಿಜವಾದ ಬೆಳಕೇ ಬೀಳುತ್ತಿರುವಾಗ ಬರೆದು ತೋರಿಸುವುದು ಏಕೆ ಎಂದು. ಗೊಂಬೆಯನ್ನು ಕುಗ್ಗಿಸಬಹುದು, ಬೆಳಕನ್ನು ಕುಗ್ಗಿಸಲಾಗದು. ಆಳೆತ್ತರದ ಮನುಷ್ಯನ ಅಂಗಿಯ ಮಡಿಕೆ ಹಾಕುವಂಥ ನೆರಳನ್ನು ಗೊಂಬೆಯ ಅರ್ಧ ಮಿ.ಮೀ. ಮಡಿಕೆ ಹಾಕುವುದಿಲ್ಲ. ಆ ಕೊರತೆಯನ್ನು ಕುಂಚ ತುಂಬಬೇಕು. ಗೊಂಬೆಯನ್ನು ಜನ ನೋಡುವುದು ಮೇಜಿನ ಮೇಲೆ, ತೋಳಳತೆಯ ದೂರದಿಂದ. ಆದ್ದರಿಂದ ಕೈಯಲ್ಲಿ ಹಿಡಿದಾಗ ಸ್ವಲ್ಪ ಅತಿ ಎನಿಸುವಷ್ಟು ವ್ಯತ್ಯಾಸವೇ ಸರಿಯಾದ ಹದ.

ಇದಕ್ಕೆ ಇನ್ನೊಂದು ಸುಲಭ ದಾರಿಯೂ ಇದೆ. ಕಪ್ಪು ಪ್ರೈಮರ್ ಮೇಲೆ ಮೇಕಪ್ ಬ್ರಷ್‌ನಲ್ಲಿ ಬಹುತೇಕ ಒರೆಸಿಹಾಕಿದ ಬೂದು, ಆಮೇಲೆ ಬಿಳಿ ಬಣ್ಣವನ್ನು ಉಬ್ಬುಗಳ ಮೇಲೆ ಸವರಿದರೆ ಗೊಂಬೆ ಕಪ್ಪು ಬಿಳುಪು ಫೋಟೊದಂತಾಗುತ್ತದೆ. ಅದರ ಮೇಲೆ ಪಾರದರ್ಶಕ ಬಣ್ಣ ಹರಿಸಿದರೆ ನೆರಳು ಬೆಳಕು ತಾನಾಗಿ ಮೂಡುತ್ತವೆ. ಯೂರೋಪಿನ ತೈಲವರ್ಣ ಕಲಾವಿದರು ಶತಮಾನಗಳ ಹಿಂದೆಯೇ ಬಳಸುತ್ತಿದ್ದ ವಿಧಾನ ಇದು. ಸಿಟಡೆಲ್ 2019ರಲ್ಲಿ ‘ಕಾಂಟ್ರಾಸ್ಟ್’ ಎಂಬ ಹರಿಯುವ ಬಣ್ಣಗಳನ್ನು ತಂದ ಮೇಲೆ ಹವ್ಯಾಸಿಗಳಲ್ಲಿ ಮತ್ತೆ ಜನಪ್ರಿಯವಾಯಿತು. ಮಾಮೂಲಿ ಅಕ್ರಿಲಿಕ್‌ಗೆ ಮ್ಯಾಟ್ ಮೀಡಿಯಂ ಬೆರೆಸಿದರೂ ಹತ್ತಿರದ ಫಲ ಸಿಗುತ್ತದೆ.

ಯಾವ ಸೈನಿಕರಿಗೆ ಬಣ್ಣ ಹಚ್ಚುವುದು? ಕನ್ನಡ ನಾಡಿನವರಿಗೆ ನಾನು ಮೈಸೂರು ಯುದ್ಧಗಳನ್ನು ಸೂಚಿಸುತ್ತೇನೆ. ಆಧಾರ ಚಿತ್ರಗಳಿಗೆ ಪುಸ್ತಕ ತರಿಸಬೇಕಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗವೇ ಇದೆ: ಸಾಲು ಸಾಲು ಸವಾರರು, ಕೆಂಪು ಕೋಟಿನ ಈಸ್ಟ್ ಇಂಡಿಯಾ ಕಂಪನಿ ಸೈನಿಕರು, ಪಲ್ಲಕ್ಕಿಯಲ್ಲಿ ಅವರ ದಂಡನಾಯಕ ಕರ್ನಲ್ ಬೇಲಿ. ಆ ಚಿತ್ರ ಹಲವು ಸಲ ಮರುಬಣ್ಣ ಕಂಡಿದೆ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆಯೂ. ಹಾಗಾಗಿ ಉಡುಪಿನ ಆಕಾರ, ಪೇಟದ ಕಟ್ಟು, ಆಯುಧ ಹಿಡಿವ ರೀತಿಗೆ ಅದನ್ನು ನೋಡಿ, ಬಣ್ಣದ ಛಾಯೆಗೆ ಅದೊಂದನ್ನೇ ನಂಬಬೇಡಿ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ, ರಾಕೆಟ್ಟನ್ನೇ ಬಾವುಟದ ಕೋಲಾಗಿ ಹಿಡಿದ ಮೈಸೂರು ಸೈನಿಕನ ಚಿತ್ರ ಇನ್ನೊಂದು ಆಧಾರ.

ಟಿಪ್ಪುವಿನ ಕಾಲಾಳುಗಳದು ನೇರಳೆ ಬಟ್ಟೆಯ ಮೇಲೆ ಬಿಳಿಯ ಗುರುತುಗಳಿದ್ದ ‘ಹುಲಿ ಅಂಗಿ’ ಎಂದು ಆ ಕಾಲದ ಇಂಗ್ಲಿಷ್ ವಿವರಣೆಗಳು ಹೇಳುತ್ತವೆ. ನೇರಳೆ ನಮ್ಮ ಆರು ಬಣ್ಣಗಳಿಂದಲೇ ಹುಟ್ಟುತ್ತದೆ. ಆ ಗುರುತುಗಳನ್ನು ಮಾತ್ರ ಪೂರ್ತಿ ಬರೆಯಲು ಹೋಗಬಾರದು. ಬೆರಳ ಗೆಣ್ಣಿನಷ್ಟು ಎತ್ತರದ ಮನುಷ್ಯನ ಎದೆಯ ಮೇಲೆ ನಾಲ್ಕೈದು ಗೀಟು, ತೋಳಿಗೆ ಎರಡೆರಡು, ಬೆನ್ನಿಗೆ ಐದಾರು ಸಾಕು. ಅಪ್ಪಟ ಬಿಳಿಯ ಬದಲು ಓಕರ್ ಸೋಂಕಿದ ಬಿಳಿ ಬಳಸಿ, ಗೀಟುಗಳನ್ನು ಬಿಡಿಬಿಡಿಯಾಗಿ, ತುದಿ ಸಣ್ಣದಾಗುವಂತೆ ಎಳೆಯಿರಿ. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಹತ್ತು ಜನರನ್ನು ಒಟ್ಟಿಗೆ ನಿಲ್ಲಿಸಿದಾಗ ಇಡೀ ತುಕಡಿ ಹುಲಿಚರ್ಮ ಹೊದ್ದಂತೆ ಕಾಣುವ ಆ ಗಳಿಗೆಯ ಸಂತೋಷ ಬಹಳ ದೊಡ್ಡದು.

ಕಾಲಡಿಯ ಬೇಸನ್ನು ಕಡೆಗಣಿಸಬೇಡಿ. ಬಿಳಿ ಅಂಟು ಬಳಿದು ಜರಡಿ ಹಿಡಿದ ಮರಳಲ್ಲಿ ಅದ್ದಿ, ಒಣಗಿದ ಮೇಲೆ ಕಂದು, ಅದರ ಮೇಲೆ ಓಕರ್ ಸವರಿದರೆ ಬಯಲುಸೀಮೆಯ ನೆಲ. ಒಣಗಿದ ಚಹಾ ಚರಟ ಅಲ್ಲಲ್ಲಿ ಅಂಟಿಸಿದರೆ ಎಲೆ ಕಸ. ಎಲ್ಲರ ಬೇಸೂ ಒಂದೇ ಬಗೆಯಾದರೆ ಬಣ್ಣದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಡಿಮೆಯಾದ ಹತ್ತು ಗೊಂಬೆಗಳು ಕೂಡ ಒಂದು ಪಡೆಯಾಗಿ ನಿಲ್ಲುತ್ತವೆ. ಕೊನೆಗೆ ಮ್ಯಾಟ್ ವಾರ್ನಿಷ್, ಏಕೆಂದರೆ ಇವು ಗಾಜಿನ ಕಪಾಟಿಗಲ್ಲ, ಕೈಯಿಂದ ಕೈಗೆ ಹೋಗಿ ಆಡಲಿಕ್ಕೆ ಇರುವಂಥವು.

ಆಡಿ. ಹತ್ತು ಮುಗಿದ ವಾರವೇ ಒಬ್ಬ ಗೆಳೆಯನನ್ನೋ ಅಕ್ಕನನ್ನೋ ಎದುರು ಕೂರಿಸಿ, ಪುಸ್ತಕಗಳನ್ನು ಗುಡ್ಡವೆಂದೂ ಹಾಸಿದ ಟವೆಲನ್ನು ಕಾವೇರಿಯೆಂದೂ ಇಟ್ಟು ಒಂದು ಆಟ ಆಡಿ. ಎದುರಿನವರಿಗೂ ಪಡೆ ಬೇಕಾಗುತ್ತದೆ. ಎರಡನೆಯ ಹತ್ತನ್ನು ಕೊಳ್ಳಲು ಸರಿಯಾದ ಸಮಯ ಅದು, ಮತ್ತು ಆಗ ಕೊಳ್ಳಬೇಕಾದದ್ದು ಗೊಂಬೆ ಮಾತ್ರ. ಕೆಂಪು ಕೋಟಿಗೆ ಬೇಕಾದ ಕ್ರಿಮ್ಸನ್ ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿರುತ್ತದೆ.